ಫಿನ್‌ಬಾರ್ ಟೂಮಿ ಕಾದ ಗೋಡೆ

ಕಾರ್ಕ್ ಪಟ್ಟಣದ ಉತ್ತರದ ಏರಿನ ಮೇಲೆ ನಗರಸಭೆಯವರು ಕೂಲಿಕಾರರಿಗೆಂದು ಕಟ್ಟಿಸಿ, ಕಟ್ಟಿಸಿದ ಮಾರನೆಯ ದಿನವೇ ಮರೆತುಬಿಟ್ಟ ಮೂರಂತಸ್ತಿನ ವಠಾರವೊಂದಿದೆ. ಅದರ ನಡು ಅಂತಸ್ತಿನಲ್ಲಿ ಫಿನ್‌ಬಾರ್ ಟೂಮಿ ಹೆಂಡತಿ ಡಿಂಪ್ನಾಳನ್ನೂ ಅತ್ತೆ ನೋನಿಯನ್ನೂ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದ. ಮೊದಲು ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದವನು. ಸೊಂಟ ಹಿಡಿದುಕೊಂಡ ಮೇಲೆ ವ್ಯಾನೂ ಹೋಯಿತು, ಬ್ರೆಡ್ಡೂ ಹೋಯಿತು, ಕೋಳಿಗಿಂತ ಮುಂಚೆ ಏಳುವ ಚಟ ಮಾತ್ರ ಉಳಿಯಿತು.

ಅವನ ಸಿಟ್ಟು ಏರಿಗೆಲ್ಲ ಗೊತ್ತು. ರೇಡಿಯೋದಲ್ಲಿ ಹವಾಮಾನ ಹೇಳುವವಳ ಜೊತೆ ಜಗಳವಾಡುತ್ತಿದ್ದ. ಹರ್ಲಿಂಗ್ ಆಟದ ರೆಫರಿ ತಪ್ಪು ಸೀಟಿ ಊದಿದರೆ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಆದರೆ ಆ ಸಿಟ್ಟಿಗೂ ಒಂದು ಹೊಸ್ತಿಲಿತ್ತು. ಟೈ ಕಟ್ಟಿಕೊಂಡು, ಕಂಕುಳಲ್ಲಿ ಫೈಲು ಇರುಕಿಕೊಂಡು ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಹುಲಿ ಕರಗಿ ಬೆಣ್ಣೆಯಾಗುತ್ತಿತ್ತು.

ಅವನೊಬ್ಬನನ್ನೇ ಅಂದು ಏನು ಪ್ರಯೋಜನ, ಇಡೀ ವಠಾರವೇ ಹಾಗೆ. ಹೊರಗಿನವರ ಮುಂದೆ ಕಷ್ಟ ಹೇಳಿಕೊಳ್ಳುವುದು ಅವರಿಗೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ಒಂದು ಚಳಿಗಾಲ ಹಿಮಗಟ್ಟಿದ ಮೆಟ್ಟಿಲಿನಿಂದ ಜಾರಿ ಫಿನ್‌ಬಾರನ ಕಾಲು ಮುರಿದಾಗ, ಆಂಬುಲೆನ್ಸಿನವರು ಓಡಿ ಬಂದು ಹೇಗಿದ್ದೀರಿ ಎಂದು ಕೇಳಿದರು. ಕಾಲು ಒಂದು ಕಡೆ, ಪಾದ ಇನ್ನೊಂದು ಕಡೆ ತಿರುಗಿಸಿಕೊಂಡು ಬಿದ್ದಿದ್ದವನು, "ನಾನು ಆರಾಮಿದೀನಪ್ಪಾ, ನಿಮಗೇ ಸುಮ್ನೆ ತೊಂದ್ರೆ ಆಯ್ತು" ಅಂದ. ಇಂಥ ಜನ.

ವಠಾರದ ಗೋಡೆಗಳು ಒಣಗಿದ್ದನ್ನು ಕಂಡವರಿಲ್ಲ. ಎಲ್ಲೋ ಒಳಗೆ ಕೊಳವೆ ಒಡೆದು ಎಷ್ಟೋ ಕಾಲವಾಗಿತ್ತು, ಮೇಲೆ ಚಾವಣಿಯೂ ಸೋರುತ್ತಿತ್ತು. ಟೂಮಿಗಳ ಹಿಂದಿನ ಕೋಣೆಯಲ್ಲಿ, ನೋನಿಯ ಮಂಚದ ತಲೆಯ ಕಡೆ, ಬೂಷ್ಟು ಕಟ್ಟಿ ಗೋಡೆ ಕಪ್ಪು ಕಂಬಳಿ ಹೊದ್ದಂತೆ ಕಾಣುತ್ತಿತ್ತು. ನಗರಸಭೆಯಿಂದ ಕ್ಯೂಸಾಕ್ ಎಂಬ ಇನ್‌ಸ್ಪೆಕ್ಟರು ಬರುತ್ತಿದ್ದ. ಡಿಂಪ್ನಾ ಅವನಿಗೆ ಒಳ್ಳೆ ಕಪ್ಪಿನಲ್ಲಿ ಚಹಾ, ಒಣದ್ರಾಕ್ಷಿ ಹಾಕಿದ ಕೇಕು ಕೊಡುತ್ತಿದ್ದಳು. ಅವನು ಕೇಕು ತಿಂದು, ಸಣ್ಣದೊಂದು ಯಂತ್ರ ಗೋಡೆಗೆ ಮುಟ್ಟಿಸಿ, ನೀರು ಗೋಡೆಯದ್ದಲ್ಲ, ನಿಮ್ಮ ಉಸಿರಿನದು, ಆಲೂಗಡ್ಡೆ ಕಡಿಮೆ ಬೇಯಿಸಿ, ಮನೆಯೊಳಗೆ ಉಸಿರಾಡುವುದನ್ನೂ ಸ್ವಲ್ಪ ಹಿಡಿತದಲ್ಲಿಡಿ ಎಂದು ಹೇಳಿ ಹೋಗುತ್ತಿದ್ದ. ಇವರು ಬಾಗಿಲವರೆಗೂ ಹೋಗಿ ಥ್ಯಾಂಕ್ಸ್ ಹೇಳುತ್ತಿದ್ದರು. ಅಷ್ಟೇ ಅಲ್ಲ, ಅವನ ಮಾತನ್ನು ಪಾಲಿಸಿಯೂ ನೋಡಿದರು. ಒಂದು ವಾರ ಫಿನ್‌ಬಾರ್ ಊಟ ಮುಗಿಸಿ ಉಸಿರಾಡಲು ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದ. ಗೋಡೆ ಇನ್ನಷ್ಟು ಕಪ್ಪಾಯಿತು.

ಆ ವರ್ಷದ ಶರತ್ಕಾಲದಲ್ಲಿ ನೋನಿಯ ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಬೇಕಾಯಿತು. ಡಾಕ್ಟರು ಡಿಂಪ್ನಾಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: ಮುದುಕಿಯನ್ನು ಉಳಿಸಿ ಕಳಿಸುತ್ತೇವೆ, ಆದರೆ ಅದೇ ಕೋಣೆಗೆ ಹೋದರೆ ಈ ಚಳಿಗಾಲ ದಾಟುವುದಿಲ್ಲ. ನಗರಸಭೆಗೆ ಕೇಳಿದರೆ, ಒಣ ಮನೆಗೆ ಕಾಯುವವರ ಸಾಲು ದೊಡ್ಡದಿದೆ, ಹೆಸರು ಬರೆದುಕೊಂಡಿದ್ದೇವೆ ಅಂದರು. ಡಿಂಪ್ನಾ ಅವರಿಗೂ ಥ್ಯಾಂಕ್ಸ್ ಹೇಳಿ ಬಂದಳು.

ಫಿನ್‌ಬಾರನಿಗೂ ನೋನಿಗೂ ಎಣ್ಣೆ ಸೀಗೆಕಾಯಿ. ಅವಳು ಮದುವೆಯ ದಿನವೇ, ಇವನ ಮೂಗು ನೋಡಿದರೆ ಕೆಲಸದಲ್ಲಿ ನಿಲ್ಲುವ ಜಾತಿಯವನಲ್ಲ ಅಂದಿದ್ದಳು. ಆದರೆ ಅವಳಿಲ್ಲದ ಮನೆಯಲ್ಲಿ ಬೈಯುವವರಿಲ್ಲದೆ ಅವನಿಗೆ ಚಹಾ ಇಳಿಯಲಿಲ್ಲ. ಎದ್ದು ಎದ್ದು ಹೋಗಿ ಆ ಕಪ್ಪು ಗೋಡೆಯನ್ನು ದಿಟ್ಟಿಸುತ್ತ ನಿಲ್ಲುತ್ತಿದ್ದ.

ಅದೇ ಹೊತ್ತಿಗೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಜನರಿಗೆ ಹಕ್ಕುಗಳ ತಿಳಿವಳಿಕೆ ಕೊಡುವ ಸಭೆ ಇದೆ ಎಂದು ಚೀಟಿ ಬಂತು. ಫಿನ್‌ಬಾರ್ ಹೋಗಿದ್ದು ತಿಳಿವಳಿಕೆಗಲ್ಲ, ಅಲ್ಲಿ ಹೀಟರ್ ಹಾಕಿರುತ್ತಾರೆ ಎಂದು. ಡಬ್ಲಿನ್ನಿನ ಯಾವುದೋ ಸಂಸ್ಥೆಯಿಂದ ಐಲಿಶ್ ನ್ಯಾಶ್ ಎಂಬ ಹೆಂಗಸು ಬಂದಿದ್ದಳು, ಕನ್ನಡಕದವಳು, ದಡದಡ ಮಾತಾಡುವವಳು. ಒಣಗಿದ ಮನೆ, ಔಷಧ, ದುಡಿಮೆಗೆ ತಕ್ಕ ಕೂಲಿ, ಇವು ಯಾರೋ ಪುಣ್ಯಾತ್ಮರು ಹಾಕುವ ಭಿಕ್ಷೆಯಲ್ಲ, ಹುಟ್ಟಿದ ಮನುಷ್ಯನ ಹಕ್ಕು. ಇದನ್ನು ಒಪ್ಪಿ ನಮ್ಮ ಸರ್ಕಾರ ಉಳಿದ ದೇಶಗಳ ಜೊತೆ ರುಜು ಹಾಕಿದೆ ಎಂದಳು. ಹೀಟರಿನ ಪಕ್ಕ ತೂಕಡಿಸುತ್ತಿದ್ದ ಫಿನ್‌ಬಾರನ ಕಣ್ಣು ತೆರೆಯಿತು.

"ಯಾವಾಗ ಹಾಕಿದ್ದು ರುಜು?"

"ಎಷ್ಟೋ ವರ್ಷ ಆಯ್ತು. ಆಗ ನಿಮಗೆ ಮದುವೆನೂ ಆಗಿರ್ಲಿಲ್ವೇನೋ."

"ಮತ್ತೆ ನಮಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅದಕ್ಕೇ ಈಗ ಬಂದಿದೀನಲ್ಲಪ್ಪಾ."

ಅವನು ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಸಾಲ ಕೊಟ್ಟವನೇ ಸಾಲಗಾರನ ಕಾಲು ಒತ್ತಿದಂತಾಯಿತಲ್ಲ ತನ್ನ ಬಾಳು ಎಂದು ಹೊಟ್ಟೆ ಉರಿಯಿತು. ತನ್ನದನ್ನೇ ತನಗೆ ಕೊಡದವರಿಗೆ ಕೇಕು ತಿನ್ನಿಸಿ ಥ್ಯಾಂಕ್ಸ್ ಹೇಳಿದ್ದಾಗಿತ್ತು. ಅಂದು ಸಂಜೆ ಅವನು ಡಿಂಪ್ನಾಳಿಗೆ, ಇಷ್ಟು ವರ್ಷ ಹೇಳಿದ ಥ್ಯಾಂಕ್ಸ್‌ಗಳನ್ನೆಲ್ಲ ನಗರಸಭೆಯಿಂದ ವಾಪಸ್ ಕೇಳಬೇಕು ಅಂದ. ಡಿಂಪ್ನಾ, ಮೊದಲು ಸೂಪು ಕುಡಿ, ಆರುತ್ತೆ ಅಂದಳು.

ಮಾರನೆಯ ದಿನದಿಂದ ಫಿನ್‌ಬಾರ್ ಮೆಟ್ಟಿಲಿನಲ್ಲೇ ನಿಂತು ವಠಾರಕ್ಕೆ ಜಾಗೃತಿ ಮೂಡಿಸಲು ಶುರುಮಾಡಿದ. ಹಾಲು ತರಲು ಹೊರಟವರನ್ನೂ ಬಿಡಲಿಲ್ಲ. ನೆಲ ಅಂತಸ್ತಿನ ಮಿಸೆಸ್ ಗಾಗಿನ್, ನನಗೇನೂ ಬೇಡ, ಮೇಲಿನವರಿಗೆ ಕೊಡಿಸು, ಅವರಿಗೆ ನನಗಿಂತ ಕಷ್ಟ ಅಂದಳು. ಮೇಲಿನವರು ಅದಕ್ಕೂ ಮೇಲಿನವರನ್ನು ತೋರಿಸಿದರು. ಕೊನೆಯ ಅಂತಸ್ತಿನವರು ಚಾವಣಿಯ ಮೇಲೆ ನೆನೆಯುತ್ತ ಕೂತ ಪಾರಿವಾಳಗಳನ್ನು ತೋರಿಸಿದರು. ಎದುರು ಮನೆಯ ಬ್ಯಾಟಿ, ಬಣ್ಣ ಹೊಡೆಯುವ ಕಸುಬಿನವನು, ಪೈಪು ಕಚ್ಚಿಕೊಂಡು ಎಲ್ಲ ಕೇಳಿಸಿಕೊಂಡು ಹೇಳಿದ:

"ಹಕ್ಕು ಇದ್ರೆ ಇರ್ಲಿ ಬಿಡೋ ಫಿನ್‌ಬಾರ್. ಅದರ ಪಾಡಿಗೆ ಅದಿದೆ. ನಮಗೇನು ತೊಂದ್ರೆ ಕೊಟ್ಟಿಲ್ವಲ್ಲ."

ಇಂಥವರ ತಲೆಗೆ ಗೋಡೆ ಬಿದ್ದರೂ, ಗೋಡೆಗೆ ಪೆಟ್ಟಾಯಿತೇನೋ ಎಂದು ಸವರುತ್ತಾರೆ ಎಂದು ಫಿನ್‌ಬಾರ್ ಹಲ್ಲು ಕಡಿದ.

ಹೀಗಿರುವಾಗ ಐಲಿಶ್ ಒಂದು ಸುದ್ದಿ ತಂದಳು. ಸರ್ಕಾರ ಹಾಕಿದ ರುಜುವಿಗೆ ಮರ್ಯಾದೆ ಕೊಟ್ಟಿದೆಯೋ ಇಲ್ಲವೋ ನೋಡಲು ಹೊರದೇಶಗಳ ಸಮಿತಿಯವರೊಬ್ಬರು ಬರುತ್ತಿದ್ದಾರೆ. ಪೋರ್ಚುಗಲ್ಲಿನವರು, ಡಾಕ್ಟರ್ ಕುಸ್ತೋದಿಯೊ ಎಂದು ಹೆಸರು. ಮುಂದಿನ ಗುರುವಾರ ಈ ವಠಾರಕ್ಕೂ ಬರುತ್ತಾರೆ. ನೋನಿಯ ಕೋಣೆಯನ್ನು ಅವರು ಕಣ್ಣಾರೆ ಕಂಡು ಬರೆದರೆ ನಗರಸಭೆ ಒಣ ಮನೆ ಕೊಡದೆ ದಾರಿಯಿಲ್ಲ. ಆಸ್ಪತ್ರೆಯವರು ಮುದುಕಿಯನ್ನು ಅದರ ಮರುವಾರ ಮನೆಗೆ ಕಳಿಸುವವರಿದ್ದರು. ಇದು ತಪ್ಪಿದರೆ ಅವಳಿಗೆ ಅದೇ ಮಂಚ, ಅದೇ ಗೋಡೆ.

"ಒಂದೇ ಒಂದು ಮಾತು," ಅಂದಳು ಐಲಿಶ್. "ಮನೆ ಹೇಗಿದೆಯೋ ಹಾಗೇ ಇರ್ಲಿ. ಯಾರೂ ಏನೂ ಕ್ಲೀನ್ ಮಾಡ್ಬೇಡಿ."

ಡಬ್ಲಿನ್ನಿನವಳಿಗೇನು ಗೊತ್ತು ತಾನು ಏನು ಕೇಳಿದೆನೆಂದು. ಅತಿಥಿ ಬರುತ್ತಾನೆ, ಮನೆ ಗುಡಿಸಬೇಡಿ ಎಂದು ಆ ಏರಿನ ಹೆಂಗಸರಿಗೆ ಹೇಳುವುದೂ ಒಂದೇ, ಮೀನಿಗೆ ನಾಳೆಯಿಂದ ಈಜಬೇಡ ಅನ್ನುವುದೂ ಒಂದೇ. ಅವರ ಅಮ್ಮಂದಿರು ಹಳ್ಳಿಗಳಿಂದ ಬಂದವರು. ಅಲ್ಲಿ ಸರದಿಯ ಮೇಲೆ ಒಂದೊಂದು ಮನೆಯವರು ಪಾದ್ರಿಯನ್ನು ಕರೆಸಿ ಪೂಜೆ ಮಾಡಿಸುವ ಪದ್ಧತಿ. ಪಾದ್ರಿ ಬರುತ್ತಾನೆಂದರೆ ಮನೆಗಷ್ಟೇ ಅಲ್ಲ, ದನದ ಕೊಟ್ಟಿಗೆಗೂ ಸುಣ್ಣ ಬೀಳುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಮಾತಿದೆಯಲ್ಲ, ಆ ಮಾತು ನಮ್ಮಲ್ಲಿ ಹುಟ್ಟಿದ್ದಿರಬಹುದು, ಬೆಳೆದದ್ದು ಕಾರ್ಕಿನಲ್ಲಿ.

ಫಿನ್‌ಬಾರ್ ಮನೆ ಮನೆಗೆ ಹೋಗಿ, ಗುಡಿಸಬೇಡಿ, ಒರೆಸಬೇಡಿ, ಬೂಷ್ಟು ಮುಟ್ಟಬೇಡಿ ಎಂದು ಬೇಡಿಕೊಂಡ. ಎಲ್ಲರೂ ತಲೆಯಾಡಿಸಿದರು. ಆಯ್ತಪ್ಪಾ, ನೀನು ಹೇಳಿದ ಮೇಲೆ ಮುಗೀತು ಅಂದರು. ಅವನು ಬೆನ್ನು ತಿರುಗಿಸಿದ್ದೇ ತಡ, ವಠಾರದಲ್ಲಿ ಬಕೆಟ್ಟುಗಳ ಸದ್ದು ಶುರುವಾಯಿತು. ಭಾನುವಾರ ಅವನು ಪಂದ್ಯ ನೋಡಲು ಹೋಗಿ ಬರುವಷ್ಟರಲ್ಲಿ ಮೆಟ್ಟಿಲಿನ ತುಂಬ ಹೊಸ ಬಣ್ಣದ ವಾಸನೆ. ಕೆಳಗಿನವರನ್ನು ಕೇಳಿದರೆ ಮೇಲಿನ ಮನೆಯಿಂದ ಬರ್ತಿರ್ಬೇಕು ಅಂದರು. ಮೇಲಿನವರು ಮೂಗು ಅರಳಿಸಿ, ಕೆಳಗಿಂದ ಅನ್ಸುತ್ತೆ ಅಂದರು. ಬ್ಯಾಟಿಯ ಕೂದಲು, ಹುಬ್ಬು, ಪೈಪು, ಎಲ್ಲದರ ಮೇಲೂ ತಿಳಿಹಸಿರು ಚುಕ್ಕಿ. ಅವನು ಫಿನ್‌ಬಾರನ ಕಣ್ಣು ತಪ್ಪಿಸಿ ಓಡಾಡತೊಡಗಿದ.

ಸರಿ, ಲೋಕ ಹಾಳಾಗಲಿ, ತನ್ನ ಗೋಡೆಯೊಂದು ಉಳಿದರೆ ಸಾಕು ಎಂದು ಫಿನ್‌ಬಾರ್ ತೀರ್ಮಾನಿಸಿದ. ಹರ್ಲಿಂಗ್ ಬ್ಯಾಟು ತೊಡೆಯ ಮೇಲಿಟ್ಟುಕೊಂಡು ನೋನಿಯ ಕೋಣೆಯಲ್ಲಿ ಕುರ್ಚಿ ಹಾಕಿ ಕೂತ. ಲೋಕದಲ್ಲಿ ಚಿನ್ನ ಕಾದವರಿದ್ದಾರೆ, ರಾಜನ ಬಾಗಿಲು ಕಾದವರಿದ್ದಾರೆ, ಬೂಷ್ಟು ಕಾದವನು ಇವನೊಬ್ಬನೇ. ಡಿಂಪ್ನಾ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದಳು.

"ಒಂದು ಪರದೆ ಆದ್ರೂ ಹಾಕ್ತೀನಿ ಕಣೋ. ಪಾಪ, ಅಷ್ಟು ದೂರದಿಂದ ಬರ್ತಾರೆ."

"ಅವರು ಬರೋದೇ ಇದನ್ನ ನೋಡಕ್ಕೆ ಕಣೆ."

"ನೋಡ್ಲಿ. ಆದ್ರೆ ಇಷ್ಟು ಕಪ್ಪು ನೋಡ್ಬೇಕಾ?"

ಕೊನೆಗೆ ಒಪ್ಪಂದವಾಯಿತು. ಚಹಾದ ಕಪ್ಪು ಬಸಿ ತೊಳೆಯಬಹುದು, ನೆಲ ಗುಡಿಸಬಹುದು, ಗೋಡೆ ಮುಟ್ಟುವಂತಿಲ್ಲ. ಗುರುವಾರ ಬೆಳಿಗ್ಗೆ ಅತಿಥಿಯನ್ನು ಎದುರುಗೊಳ್ಳಲು ಕೆಳಗೆ ಹೋಗಲೇಬೇಕಾಗಿ ಬಂದಾಗ ಫಿನ್‌ಬಾರ್ ಹೆಂಡತಿಯಿಂದ ಅವಳ ಸತ್ತ ತಂದೆಯ ಮೇಲೆ ಆಣೆ ಮಾಡಿಸಿಕೊಂಡ: ಗೋಡೆಗೆ ನಾನು ಕೈ ಹಚ್ಚುವುದಿಲ್ಲ.

ಡಾಕ್ಟರ್ ಕುಸ್ತೋದಿಯೊ ಕಾರಿನಿಂದ ಇಳಿದರು. ಎತ್ತರದ ಸಣಕಲು ಮನುಷ್ಯ, ಮೊಣಕಾಲು ದಾಟುವ ಕಡುನೀಲಿ ಉಣ್ಣೆಯ ಕೋಟು. ಬಿಸಿಲಿನ ದೇಶದವರು, ಕಾರ್ಕಿನ ಗಾಳಿ ಮೂಳೆಗೆ ಹೊಕ್ಕಿತೋ ಏನೋ, ಯಾರು ಎಷ್ಟು ಹೇಳಿದರೂ ಆ ಕೋಟು ಬಿಚ್ಚಲಿಲ್ಲ. ಮೊದಲು ಮಿಸೆಸ್ ಗಾಗಿನ್ ಮನೆ. ಗೋಡೆಗಳು ತಿಳಿಹಸಿರಾಗಿ ನಗುತ್ತಿದ್ದವು. ಮೇಜಿನ ಮೇಲೆ ಬನ್ನಿನಂಥ ಸ್ಕೋನು, ಜಾಮು, ಕೆನೆ. ಕುರ್ಚಿಯನ್ನು ಗೋಡೆಗೆ ಆನಿಸಿ ಅತಿಥಿಯನ್ನು ಕೂರಿಸಿದರು. ಮನೆಯಲ್ಲಿ ಏನಾದರೂ ತೊಂದರೆ ಉಂಟೋ ಎಂದು ಅವರು ಕೇಳಿದರು. ದೇವರ ದಯೆ, ಏನೂ ಇಲ್ಲ, ಇನ್ನೊಂದು ಸ್ಕೋನು ತಗೊಳ್ಳಿ ಅಂದಳು ಮಿಸೆಸ್ ಗಾಗಿನ್. ಪಕ್ಕದ ಮನೆ ಕೆನೆಬಣ್ಣ, ಸೇಬಿನ ಕಡುಬು. ಅದರಾಚೆಯದು ಹಳದಿ, ಶುಂಠಿ ಕೇಕು. ಐಲಿಶಳ ಪೆನ್ನು ಬರೆಯಲು ಏನೂ ಸಿಗದೆ ಕೈಯಲ್ಲೇ ಒಣಗಿತು. ಡಾಕ್ಟರ್ ಮಾತ್ರ ಬೇಡವೆನ್ನಲಾರದೆ ತಿಂದು ತಿಂದು, ಎರಡನೆಯ ಅಂತಸ್ತು ಮುಟ್ಟುವ ಹೊತ್ತಿಗೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು.

ಆದರೆ ಫಿನ್‌ಬಾರನಿಗೆ ಒಂದು ಸಮಾಧಾನ ಕಂಡಿತು. ದಾರಿ ತೋರಿಸುತ್ತ ಐಲಿಶಳ ಜೊತೆ ಮುಂದೆ ಮುಂದೆ ನಡೆಯುತ್ತಿದ್ದವನು ತಿರುಗಿ ನೋಡಿದರೆ, ಡಾಕ್ಟರ್ ಹಿಂದೆ ಮಿಸೆಸ್ ಗಾಗಿನ್ ಬರುತ್ತಿದ್ದಳು. ಇನ್ನೆರಡು ಮನೆ ಆದ ಮೇಲೆ ನೋಡಿದರೆ ಅವಳ ಹಿಂದೆ ಇನ್ನೂ ನಾಲ್ಕು ಜನ. ಯಾರೂ ಮಾತಾಡುತ್ತಿಲ್ಲ, ಮುಖಗಳು ಗಂಭೀರ, ಕಣ್ಣೆಲ್ಲ ಡಾಕ್ಟರ ಬೆನ್ನಿನ ಮೇಲೆ ನೆಟ್ಟಿವೆ. ಕೆಲವರ ಕೈಯಲ್ಲಿ ಒದ್ದೆ ಬಟ್ಟೆ, ಅದನ್ನು ಬಾವುಟದಂತೆ ಹಿಡಿದಿದ್ದಾರೆ. ಬಾಯಿ ಬಿಟ್ಟು ಹೇಳದಿದ್ದರೇನು, ಕೊನೆಗೂ ಎದ್ದು ಬಂತಲ್ಲ ಜನ, ತನ್ನ ಮೆಟ್ಟಿಲ ಭಾಷಣ ಫಲ ಕೊಟ್ಟಿತಲ್ಲ ಎಂದು ಅವನ ಎದೆ ಉಬ್ಬಿತು. ಮೆರವಣಿಗೆ ಹಿಂದಿಟ್ಟುಕೊಂಡ ನಾಯಕನಂತೆ ತನ್ನ ಮನೆ ಬಾಗಿಲು ತಳ್ಳಿ, "ಬನ್ನಿ ಡಾಕ್ಟ್ರೇ, ಈಗ ನೋಡಿ ನಿಜ ಏನು ಅಂತ" ಎಂದು ಹಿಂದಿನ ಕೋಣೆಗೆ ನುಗ್ಗಿದ.

ಕೋಣೆ ಗುಲಾಬಿ ಬಣ್ಣವಾಗಿತ್ತು.

ಮಂಚದ ಮೇಲೆ ನೋನಿ ಕೂತಿದ್ದಳು. ಒಳ್ಳೆ ಕಾರ್ಡಿಗನ್, ಮುತ್ತಿನ ಸರ, ತುಟಿಗೆ ಸ್ವಲ್ಪ ಕೆಂಪು. ಮುಂಗೈಯಲ್ಲಿ ಮಾತ್ರ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿ. ಹೊರದೇಶದ ಅತಿಥಿ ಬರುವ ಸುದ್ದಿ ಆಸ್ಪತ್ರೆಯ ಹಾಸಿಗೆಗೇ ಮುಟ್ಟಿತ್ತು. ತಾನಿಲ್ಲದಾಗ ಆ ಗೋಡೆ ತೋರಿಸಿ ಮನೆಯ ಮಾನ ಕಳೆಯುತ್ತಾರೆಂದು ಅವಳು ನರ್ಸಿನ ಕಣ್ಣು ತಪ್ಪಿಸಿ ಟ್ಯಾಕ್ಸಿ ಹತ್ತಿ ಬಂದಿದ್ದಳು. ಡಿಂಪ್ನಾ ಆಣೆ ಮುರಿದಿರಲಿಲ್ಲ, ಗೋಡೆಗೆ ಕೈ ಹಚ್ಚಿರಲಿಲ್ಲ. ಹಚ್ಚಿದವನು ಬ್ಯಾಟಿ. ಮಂಚದ ಆ ಕಡೆ ಬ್ರಷ್ಷು ಹಿಡಿದುಕೊಂಡೇ ಬಗ್ಗಿ ಕೂತಿದ್ದ, ಓಡಲು ಪುರುಸೊತ್ತು ಸಿಕ್ಕಿರಲಿಲ್ಲ.

"ನ್ಯಾನ್," ಅಂದ ಫಿನ್‌ಬಾರ್. ಅಜ್ಜಿ ಎನ್ನಲು ಆ ಕಡೆಯವರು ಬಳಸುವ ಮಾತು ಅದು, ಅವನೂ ಅತ್ತೆಯನ್ನು ಹಾಗೇ ಕರೆಯುವುದು.

ಡಾಕ್ಟರ್ ಕುಸ್ತೋದಿಯೊ ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂತು ಆರೋಗ್ಯ ಹೇಗಿದೆ ಎಂದು ಕೇಳಿದರು. ಕಲ್ಲುಗುಂಡು ಇದ್ದ ಹಾಗಿದ್ದೇನೆ ಅಂದಳು ನೋನಿ. ಹೇಳುವಾಗಲೇ ಕೆಮ್ಮು ಗಂಟಲಿಗೆ ಬಂತು. ಅತಿಥಿಯ ಎದುರು ಕೆಮ್ಮಬಾರದೆಂದು ಅದನ್ನು ಹಾಗೇ ತಡೆಹಿಡಿದಳು. ಮುಖ ಕೆಂಪಾಯಿತು, ನೀಲಿಗೆ ತಿರುಗಿತು, ಮುಗುಳ್ನಗೆ ಮಾತ್ರ ಅಲ್ಲಾಡಲಿಲ್ಲ. ಫಿನ್‌ಬಾರ್ ಅವಳ ಮುಂಗೈಯ ಪಟ್ಟಿಯನ್ನೇ ನೋಡಿದ. ಈ ಮುದುಕಿ ಮರ್ಯಾದೆಗಾಗಿ ತನ್ನ ಕಣ್ಣೆದುರೇ ಸಾಯಲು ಹೊರಟಿದ್ದಾಳೆ, ತಾನು ಬಾಯಿ ಬಿಟ್ಟರೆ ಅವಳನ್ನು ಸುಳ್ಳಿ ಅಂದಂತೆ, ಬಿಡದಿದ್ದರೆ ಕೊಂದಂತೆ. ಐಲಿಶ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಡಾಕ್ಟರ್ ಇನ್ನು ನೋಡುವುದೇನೂ ಇಲ್ಲವೆಂದು ಎದ್ದು, ಬಾಗಿಲ ಕಡೆ ತಿರುಗಿದರು.

ತಿರುಗಿದ್ದೇ ತಡ, ನೋನಿಯ ನಗೆ ಬಿದ್ದುಹೋಯಿತು.

ಆ ಕಡುನೀಲಿ ಕೋಟಿನ ಬೆನ್ನು ಸಂತೆಯಾಗಿತ್ತು. ಹೆಗಲಿನ ಮೇಲೆ ತಿಳಿಹಸಿರು, ಅದರ ಕೆಳಗೆ ಕೆನೆ, ನಡುವಿಗೆ ಹಳದಿ, ಒಂದು ಮೊಣಕೈ ಪೂರ್ತಿ ಬಿಳಿ, ಹಿಂಬದಿಗೆ ಯಾರ ಮನೆಯದೋ ಆಕಾಶನೀಲಿ. ಎಲ್ಲಕ್ಕೂ ಮೇಲೆ ಈಗ ತಾನೇ ಅಂಟಿದ ಗುಲಾಬಿ. ಯಾವ ಮನೆಯಲ್ಲಿ ಕೂತರೋ ಆ ಮನೆಯ ಗೋಡೆ ಅವರ ಜೊತೆ ಎದ್ದು ಬಂದಿತ್ತು. ಮನೆಯವರೆಲ್ಲ ಅವರು ಹೊರಟಾಗ ನೋಡಿದ್ದರು. ನೋಡಿ, ಹೇಳಲು ನಾಚಿ, ಬಿಡಲೂ ಆಗದೆ, ಬಟ್ಟೆ ಒದ್ದೆ ಮಾಡಿಕೊಂಡು ಬೆನ್ನು ಹತ್ತಿದ್ದರು. ಫಿನ್‌ಬಾರನ ಮೆರವಣಿಗೆ ಅಂದರೆ ಇದು.

"ಅಯ್ಯೋ ನನ್ನ ದೇವರೇ, ಅವರ ಕೋಟು," ಅಂದಳು ನೋನಿ. ಅಲ್ಲಿಗೆ ತಡೆದಿಟ್ಟ ಕೆಮ್ಮೆಲ್ಲ ಕಟ್ಟೆ ಒಡೆಯಿತು. ಮಂಚ ಅಲ್ಲಾಡುವ ಹಾಗೆ ಕೆಮ್ಮಿದಳು. ಕೆಮ್ಮಿನ ಮಧ್ಯೆ ಮಧ್ಯೆ ಕೈ ಮುಗಿದಳು. "ತಪ್ಪಾಯ್ತು ಡಾಕ್ಟ್ರೇ, ನಮ್ಮ ಮನೇದು ಒಣಗಲ್ಲ. ಏನು ಬಳಿದ್ರೂ ಒಣಗಲ್ಲ. ಅದರ ಕೆಳಗೆ ಕರೀ ಬೂಷ್ಟು ಇದೆ, ನನ್ನ ಎದೆ ತಿಂದಿದ್ದೂ ಅದೇ. ನಿಮ್ಮಂಥೋರ ಕೋಟು ಹಾಳ್ಮಾಡ್ಬೇಕು ಅಂತ ನಾವು ಮಾಡಿದ್ದಲ್ಲ."

ಬಾಗಿಲಲ್ಲಿ ನಿಂತ ಮಿಸೆಸ್ ಗಾಗಿನ್‌ಗೆ ಇನ್ನು ತಡೆಯಲಾಗಲಿಲ್ಲ. ಹಸಿರು ತನ್ನದು ಎಂದು ಒಪ್ಪಿಕೊಂಡಳು. ಭಾನುವಾರ ಹಚ್ಚಿದ್ದು, ಗುರುವಾರವಾದರೂ ಅಂಟುತ್ತದೆ ಎಂದು ತನಗೆ ಹೊಳೆಯಲಿಲ್ಲ, ಹೊಳೆಯಬೇಕಿತ್ತು, ತನ್ನ ಮನೆಯಲ್ಲಿ ಹಾಸಿಗೆಯ ಬಟ್ಟೆಯೇ ಬೇಸಿಗೆಯಲ್ಲೂ ಒಣಗುವುದಿಲ್ಲ ಎಂದಳು. ಕೆನೆಬಣ್ಣದವರು ಮುಂದೆ ಬಂದು, ತಮ್ಮ ಮಗುವಿನ ತೊಟ್ಟಿಲನ್ನು ತಿಂಗಳಿಗೊಮ್ಮೆ ಮೂಲೆಯಿಂದ ಮೂಲೆಗೆ ಸರಿಸಬೇಕು, ಇಲ್ಲದಿದ್ದರೆ ಅದರ ಕಾಲಿಗೂ ಅಣಬೆ ಏಳುತ್ತದೆ ಎಂದು ಕ್ಷಮೆ ಕೇಳಿದರು. ಹಳದಿಯವನು ತನ್ನ ಮನೆಯ ದೀಪದ ಸ್ವಿಚ್ಚಿನಿಂದ ನೀರು ತೊಟ್ಟಿಕ್ಕುವುದನ್ನು ಹೇಳಿ ಟೋಪಿ ತೆಗೆದ. ಒಬ್ಬರ ಹಿಂದೆ ಒಬ್ಬರು ಬಂದರು. ಯಾರೂ ದೂರು ಕೊಡಲಿಲ್ಲ, ನೆನಪಿರಲಿ. ಎಲ್ಲರೂ ಕ್ಷಮೆ ಕೇಳಿದರು ಅಷ್ಟೇ. ತಮಗಾಗಿ ಬಾಯಿ ಬಿಡದ ಜನ ಅತಿಥಿಯ ಕೋಟಿಗಾಗಿ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿದರು. ಐಲಿಶ್ ಕನ್ನಡಕ ಹಾಕಿಕೊಂಡು ಬರೆದದ್ದೇ ಬರೆದದ್ದು.

ಡಾಕ್ಟರ್ ಕುಸ್ತೋದಿಯೊ ಅಂದು ಮೊದಲ ಬಾರಿಗೆ ಕೋಟು ಬಿಚ್ಚಿದರು. ಮಂಚದ ಮೇಲೆ ಬೆನ್ನು ಮೇಲಾಗಿ ಹಾಸಿ, ಭೂಪಟ ನೋಡುವವರ ಹಾಗೆ ಬಗ್ಗಿ, ಈ ನೀಲಿ ಯಾರದು, ಈ ಬಿಳಿ ಯಾರದು ಎಂದು ಒಂದೊಂದಾಗಿ ಕೇಳಿದರು. ಆ ವೇಳೆಗೆ ಅವರು ಗಡಗಡ ನಡುಗುತ್ತಿದ್ದುದರಿಂದ ಡಿಂಪ್ನಾ ಅವ್ವನ ಕಂಬಳಿ ಹೊದಿಸಿದಳು. ಹೊದ್ದವರು ಅದನ್ನೂ ಮುಟ್ಟಿ ನೋಡಿದರು.

"ಇದೂ ಒದ್ದೆ."

"ಅದು ನಮ್ಮ ಮನೇಲಿ ಇರೋದ್ರಲ್ಲೇ ಒಣಗಿರೋದು ಡಾಕ್ಟ್ರೇ," ಅಂದಳು ಡಿಂಪ್ನಾ.

ನೋನಿಯನ್ನು ಅದೇ ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಮತ್ತೆ ಆಸ್ಪತ್ರೆಗೆ ಒಯ್ದರು. ಡಾಕ್ಟರ್ ಕುಸ್ತೋದಿಯೊ ಕಂಬಳಿ ಹೊದ್ದುಕೊಂಡೇ ಕಾರು ಹತ್ತಿ ಹೋದರು.

ಈಗ ನಗರಸಭೆಯ ಬುದ್ಧಿ ನೋಡಿ. ಒಂದು ಮುದುಕಿಯ ಎದೆ ಕೊಳೆತಾಗ ಅಲ್ಲಾಡದ ಕಚೇರಿ, ಒಂದು ಕೋಟು ಕೆಟ್ಟಿತೆಂದ ಕೂಡಲೇ ಕುರ್ಚಿ ಬಿಟ್ಟು ಎದ್ದಿತು. ಪತ್ರಿಕೆಯಲ್ಲಿ ಕೋಟಿನ ಚಿತ್ರ ಬಂತು. ಕೋಟಿಗೆ ವಿಷಾದ ಸೂಚಿಸಿದರು, ಕೋಟಿನ ವಿಚಾರಣೆಗೆ ಸಮಿತಿ ಮಾಡಿದರು. ಆ ಕೋಟಿಗಿದ್ದ ಹಕ್ಕಿನ ಅರ್ಧದಷ್ಟಾದರೂ ವಠಾರಕ್ಕಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮರುವಾರ ಇನ್‌ಸ್ಪೆಕ್ಟರ್ ಕ್ಯೂಸಾಕ್, ತಿಳಿಬೂದು ಬಣ್ಣದ ಹೊಸ ಸೂಟು ಹಾಕಿಕೊಂಡು ಟೂಮಿಗಳ ಮನೆಗೆ ಬಂದ. ಒಪ್ಪಿಗೆಯಿಲ್ಲದೆ ಗೋಡೆಗೆ ಬಣ್ಣ ಬಳಿಯುವುದು ಬಾಡಿಗೆಯ ನಿಯಮಕ್ಕೆ ವಿರುದ್ಧ ಎಂದ. ಗೋಡೆಗಳು ತನ್ನ ಯಂತ್ರದ ಪ್ರಕಾರ ಒಣಗಿವೆ, ಕೋಟು ಕೆಟ್ಟದ್ದು ಬಾಡಿಗೆದಾರರು ಕೆಟ್ಟ ಬಣ್ಣ ಬಳಸಿದ್ದರಿಂದ ಎಂದು ಫಿನ್‌ಬಾರ್ ರುಜು ಹಾಕಿಕೊಟ್ಟರೆ, ಅತ್ತೆಯ ಒಣ ಮನೆಯ ವಿಚಾರವನ್ನು ಮೇಲಿನವರು ಕರುಣೆಯಿಂದ ನೋಡಿಯಾರು ಎಂದೂ ಸೇರಿಸಿದ.

ಐಲಿಶ್ ಅಲ್ಲೇ ಇದ್ದಳು. ಆಸ್ಪತ್ರೆಯಿಂದ ಮನೆ ನೋಡಿ ಬರಲು ಕಳಿಸಿದ ನರ್ಸೂ ಇದ್ದಳು. ನೋನಿಯನ್ನು ಎಲ್ಲಿಗೆ ಕಳಿಸಬೇಕು ಎಂಬುದು ಆ ನರ್ಸು ಬರೆಯುವುದರ ಮೇಲೆ ನಿಂತಿತ್ತು. ಡಿಂಪ್ನಾ ಅಭ್ಯಾಸಬಲದಿಂದ ಗಂಡನಿಗೆ ಪೆನ್ನು ಕೊಟ್ಟಳು. ಕೊಟ್ಟುಬಿಡು, ಅವ್ವ ಬದುಕಿದರೆ ಸಾಕು ಎಂದು ಅವಳ ಕಣ್ಣು ಹೇಳುತ್ತಿತ್ತು.

ಫಿನ್‌ಬಾರ್ ಪೆನ್ನು ಹಿಡಿದುಕೊಂಡು ಸೂಟನ್ನು ನೋಡಿದ, ಗುಲಾಬಿ ಗೋಡೆಯನ್ನು ನೋಡಿದ. ಆಗಲೇ ಅದರ ಮೇಲೆ ಕಪ್ಪು ಚುಕ್ಕಿಗಳು ಏಳತೊಡಗಿದ್ದವು. ಎಲ್ಲರೂ ಅವನು ಕೂಗಾಡುತ್ತಾನೆಂದು ಕಾದರು. ಅವನು ಬಹಳ ಮೆತ್ತಗೆ ಮಾತಾಡಿದ.

"ಒಣಗಿದೆ ಅಂತೀರಾ ಸಾರ್?"

"ಪೂರ್ತಿ ಒಣಗಿದೆ."

"ಹಾಗಾದ್ರೆ ನಿಂತೇ ಇದೀರಲ್ಲ, ಆಯಾಸ ಆಗಿರುತ್ತೆ. ಸ್ವಲ್ಪ ಒರಗಿಕೊಳ್ಳಿ. ನೀವು ಒರಗಿದ್ರೆ ನಾನು ರುಜು ಹಾಕ್ತೀನಿ."

ಕ್ಯೂಸಾಕ್ ನಕ್ಕ. ಯಾರೂ ನಗಲಿಲ್ಲ. ಬಾಗಿಲಿನಲ್ಲಿ ಆಗಲೇ ಮಿಸೆಸ್ ಗಾಗಿನ್, ಅವಳ ಹಿಂದೆ ಬ್ಯಾಟಿ, ಅವನ ಹಿಂದೆ ಅರ್ಧ ವಠಾರ ನಿಂತಿತ್ತು. ಕ್ಯೂಸಾಕ್ ತನಗೆ ಆಯಾಸವಿಲ್ಲ ಅಂದ. ಆಯಾಸವಿಲ್ಲದಿದ್ದರೂ ಪರವಾಗಿಲ್ಲ, ಮನೆ ನಿಮ್ಮದೇ ಅಂದ ಫಿನ್‌ಬಾರ್. ಯಂತ್ರ ಒಣಗಿದೆ ಎಂದು ತೋರಿಸುತ್ತಿದೆ ಎಂದು ಇನ್‌ಸ್ಪೆಕ್ಟರು ಮತ್ತೆ ಹೇಳಿದ. ಯಂತ್ರ ಮುಟ್ಟಿದ್ದಾಯಿತು, ಇನ್ನು ಸೂಟು ಮುಟ್ಟಲಿ ಅಂದ ಇವನು. ಜನ ಒಂದೊಂದೇ ಹೆಜ್ಜೆ ಒಳಗೆ ಬಂದಂತೆ ಕೋಣೆ ಕಿರಿದಾಯಿತು. ಕ್ಯೂಸಾಕ್ ಫೈಲನ್ನು ಎದೆಗವಚಿ, ಸೂಟಿನ ತುದಿಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಾಲ್ಕು ಗೋಡೆಗಳಿಂದಲೂ ಸಮನಾದ ದೂರದಲ್ಲಿ, ಹೊಳೆ ದಾಟುವವನಂತೆ ತುದಿಗಾಲಲ್ಲಿ ನಿಂತ. ಹೊರಗೆ ಹೋಗಲು ದಾರಿ ಕೇಳಿದಾಗಲೂ ಯಾರ ಮೈಯೂ ಗೋಡೆಯೂ ತಾಗದಂತೆ ಅಡ್ಡಡ್ಡ ಸರಿದ.

ನರ್ಸು ಇದನ್ನೆಲ್ಲ ನೋಡಿ, ಗೋಡೆಯ ಹತ್ತಿರವೂ ಹೋಗದೆ, ನೋನಿಯನ್ನು ಈ ಮನೆಗೆ ಕಳಿಸುವಂತಿಲ್ಲ, ಒಣ ಮನೆ ಸಿಗುವವರೆಗೂ ಹಾಸಿಗೆ ಖಾಲಿ ಮಾಡಿಸುವಂತಿಲ್ಲ ಎಂದು ಬರೆದುಕೊಂಡಳು. ಫಿನ್‌ಬಾರ್ ಪೆನ್ನನ್ನು ಕ್ಯೂಸಾಕನ ಜೇಬಿಗೆ ತಾನೇ ಸಿಕ್ಕಿಸಿ ಬಾಗಿಲು ಹಾಕಿಕೊಂಡ.

ಆಸ್ಪತ್ರೆಯ ಹಾಸಿಗೆ ಹಿಡಿದುಕೊಂಡ ಮುದುಕಿ ನಗರಸಭೆಗೆ ಅಲ್ಲಿಂದ ದಿನಕ್ಕೊಂದು ಫೋನು ಬರುವ ತಲೆನೋವಾದಳು. ಕ್ರಿಸ್ಮಸ್ಸಿಗೆ ಮುಂಚೆ, ಎರಡು ಬೀದಿ ಆಚೆ, ನೆಲ ಅಂತಸ್ತಿನಲ್ಲಿ ನೋನಿಯೊಬ್ಬಳಿಗೆ ಸಾಲುವಂಥ ಒಣ ಮನೆಯೊಂದು ಎಲ್ಲಿಂದಲೋ ಉದ್ಭವವಾಯಿತು. ವಠಾರದ ಕೊಳವೆ ಅಗೆಯುವ ಕೆಲಸವೂ ಒಂದು ತುದಿಯಿಂದ ಶುರುವಾಗಿದೆ. ಇನ್ನೊಂದು ತುದಿ ಯಾವಾಗ ಮುಟ್ಟುತ್ತದೋ ಹೇಳಬಲ್ಲವರಿಲ್ಲ.

ಹೊಸ ಮನೆಯಲ್ಲಿ ನೋನಿ ಮೊದಲ ಎರಡು ದಿನ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಮೂರನೆಯ ದಿನ ಫಿನ್‌ಬಾರ್ ಬ್ರೆಡ್ಡು ತೆಗೆದುಕೊಂಡು ಹೋದಾಗ ಗಾಳಿ ಒಣಗಿ ಮೂಗು ಒಡೆಯುತ್ತಿದೆ ಎಂದು ದೂರಿದಳು. ಹೀಟರ್ ಸದ್ದು ಮಾಡುತ್ತದೆ, ಕಿಟಕಿ ತಪ್ಪು ದಿಕ್ಕಿಗಿದೆ, ಎದುರುಗಡೆಯವರು ಬೆಕ್ಕು ಸಾಕಿದ್ದಾರೆ, ಈ ಬ್ರೆಡ್ಡು ನಿನ್ನೆಯದು, ನಿನ್ನ ಮೂಗು ಮದುವೆಯ ದಿನ ಹೇಗಿತ್ತೋ ಈಗಲೂ ಹಾಗೇ ಇದೆ. ಅವನು ಬ್ರೆಡ್ಡಿಟ್ಟು ಹೊರಬಿದ್ದು ಬೀದಿಯ ತಿರುವು ಮುಟ್ಟಿದರೂ ಅವಳ ಬೈಗುಳ ನಡುವೆ ಎಲ್ಲೂ ನಿಲ್ಲದೆ, ಒಂದು ಕೆಮ್ಮೂ ಇಲ್ಲದೆ, ಕಿಟಕಿಯಿಂದ ಹೊರಟು ಅವನ ಬೆನ್ನಿಗೆ ಬಂದು ಬಡಿಯುತ್ತಿತ್ತು. ಫಿನ್‌ಬಾರ್ ತಿರುವಿನಲ್ಲಿ ನಿಂತು ಅದು ಪೂರ್ತಿ ಮುಗಿಯುವವರೆಗೂ ಕೇಳಿಸಿಕೊಂಡ.